ಚಿಲ್ಲರೆ

ಹೆದರಿಕೆಯಾದರೆ ಒತ್ತಿ, ಎಂದು
ರಬ್ಬರಿನ ಉಂಡೆಯೊಂದನ್ನು ಅವನ ಅಂಗೈಗೆ ಕೊಟ್ಟು
ಸ್ಕ್ಯಾನಿನ ಹುಡುಗಿ ಬಾಗಿಲು ಹಾಕಿದಳು.
ಮಡಿಕೇರಿ. ಜುಲೈ. ಎಂಟು ಗಂಟೆಯಾದರೂ ಮಂಜು
ಆಸ್ಪತ್ರೆಯ ಕಿಟಕಿಗೆ ಮುಖವಿಟ್ಟು ನಿಂತಿತ್ತು.
ಗಾಜಿನಾಚೆ ನಾನು, ಕೈಯಲ್ಲಿ ಅವನ ವಾಚು, ಬೆಲ್ಟು,
ಜೇಬಿನಲ್ಲಿದ್ದ ಹದಿನಾಲ್ಕು ರೂಪಾಯಿ ಚಿಲ್ಲರೆ.

ಯಂತ್ರ ಗರ್ಜಿಸತೊಡಗಿದ ಅರೆಗಳಿಗೆಗೇ
ಗಂಟೆ ಬಡಿಯಿತು. ಬಡಿಯುತ್ತಲೇ ಇತ್ತು.
ಹುಡುಗಿ ಓಡಿದಳು: ಹೆದರಿದಿರಾ ಅಂಕಲ್? ಹೊರಗೆ ಬರ್ತೀರಾ?
ಇಲ್ಲಮ್ಮ, ಎಂದ ಪಳಂಗಪ್ಪ,
ಸುಮ್ಮನೆ ಹಿಡಿದೆ. ಬಿಡೋಕಾಗ್ತಿಲ್ಲ.

ಒಂದೊಂದೇ ಬೆರಳು ಬಿಡಿಸಿದೆವು, ಅವಳೂ ನಾನೂ,
ಹಸುಗೂಸಿನ ಮುಷ್ಟಿಯಿಂದ ತಲೆಗೂದಲು ಬಿಡಿಸಿಕೊಳ್ಳುವ ಹಾಗೆ.
ಎರಡನೆಯ ಸಲ ಉಂಡೆ ಕೊಡಲಿಲ್ಲ.
ಅಷ್ಟು ಗದ್ದಲದೊಳಗೆ ಅವನು ನಿದ್ದೆ ಹೋದ.

*

ಮಡಿಕೇರಿ-ವಿರಾಜಪೇಟೆ ಬಸ್ಸಿನಲ್ಲಿ ಹದಿನೇಳು ವರ್ಷ ಕಂಡಕ್ಟರು.
ಮೇಕೇರಿ, ಹಾಕತ್ತೂರು, ಮೂರ್ನಾಡು, ಬೇತ್ರಿ.
ಬೇತ್ರಿಯ ಸೇತುವೆ ಬಂದಾಗ ದನಿ ತಾನಾಗಿ ತಗ್ಗುತ್ತಿತ್ತು,
ಕೆಳಗೆ ಕಾವೇರಿಗೆ ಕೇಳಿಸೀತು ಎಂಬಂತೆ.
ಚಳಿಯ ಬೆಳಗ್ಗೆ ಚಿಲ್ಲರೆ ಕೊಡಲು ಕೈ ಚಾಚಿದರೆ
ಮುಷ್ಟಿ ಬಿಚ್ಚುತ್ತಿರಲಿಲ್ಲ.
ನಾಣ್ಯ ಒಳಗೆ, ಜನ ಹೊರಗೆ.
ಕೈ ಬಿಗಿ ಇವನದು, ಎಂದರು. ಬಿಗಿಮುಷ್ಟಿ ಪಳಂಗ ಎಂದರು.
ಭಾಷೆಗೇನು ಗೊತ್ತು ಸ್ನಾಯುವಿನ ಸಂಗತಿ?
ಆಮೇಲೆ ಟಿಕೆಟ್ಟಿನ ಹಿಂದೆ ಬರೆದುಕೊಡಲು ಕಲಿತ:
ಬಾಕಿ ಮೂರು. ಬಾಕಿ ಎಂಟು.
ಆಮೇಲೆ ಬರೆದುಕೊಟ್ಟದ್ದನ್ನೇ ಮರೆತ.

ನಾನೂ ಅಂದೆ. ಸೋಮಾರಿ ಅಂದೆ.
ಕೋವಿ ಹಿಡಿದ ಮನೆತನದ ಕೈಗೆ ಲೋಟವೂ ಭಾರವೇ ಅಂದೆ.
ಹಿರಿಯರಿಗೆ ಮೀದಿ ಇಡುವ ದಿನ ಗೋಡೆಗೊರಗಿ ತೂಕಡಿಸಿದಾಗ
ನಾದಿನಿಯರ ಮುಂದೆಯೇ ಅಂದೆ.
ಅವನು ಜಗಳಕ್ಕೂ ಬರಲಿಲ್ಲ. ಅದೇ ನನಗೆ ಸಿಟ್ಟು.
ಎಂಟು ವರ್ಷ.
ಅಷ್ಟನ್ನೂ ಯಾವ ಟಿಕೆಟ್ಟಿನ ಹಿಂದೆ ಬರೆದುಕೊಡಲಿ?

*

ಬೆಳಕಿನ ಪೆಟ್ಟಿಗೆಗೆ ಚಿತ್ರ ಸಿಕ್ಕಿಸಿ ಡಾಕ್ಟರು ತೋರಿಸಿದರು.
ಬೂದಿಬಣ್ಣದ ಮಿದುಳು. ಹಣೆಯ ಹಿಂದೆ, ಕಿವಿಯ ಮುಂದೆ
ಬಿಳಿ ಬಿಳಿ ಮಚ್ಚೆ.
ಅಪರೂಪದ ಕಾಯಿಲೆ, ಸ್ನಾಯುವಿನದು, ಎಂದರು,
ಆದರೆ ಸ್ನಾಯುವಿನಲ್ಲೇ ನಿಲ್ಲುವುದಿಲ್ಲ.
ನಿದ್ದೆಯೂ ಅದೇ, ಮರೆವೂ ಅದೇ, ಏನೂ ಬೇಡವಾಗುವುದೂ ಅದೇ.
ನನ್ನ ಸಮಾಧಾನಕ್ಕೋ ಏನೋ,
ಮಾರ್ಚಿನ ತೋಟದ ಹಾಗಿದೆ ನೋಡಿ, ಹೂವರಳಿದಾಗ, ಎಂದರು.
ಬೇಡ ಸಾರ್, ಎಂದೆ. ಕಾಫಿ ಹೂವು ಕಾಯಿಯಾಗುತ್ತದೆ.

ಆಗ ಪಳಂಗಪ್ಪ, ಇಳಿಬಿದ್ದ ರೆಪ್ಪೆಯಡಿಯಿಂದ ನೋಡುತ್ತ,
ಬೆರಳಿಟ್ಟು ಹೇಳಿದ:
ಇಲ್ಲಿ ಬರೆ ಜರಿದಿದೆ.
ಬರೆ ಜರಿದರೆ ಬಸ್ಸು ನಿಲ್ಲತ್ತೆ ಸಾರ್.
ಮೂರ್ನಾಡು ಅಲ್ಲೇ ಇರತ್ತೆ. ಬೇತ್ರಿ ಅಲ್ಲೇ ಇರತ್ತೆ.
ಹೋಗೋಕಾಗಲ್ಲ, ಅಷ್ಟೇ.

ಡಾಕ್ಟರು ಪೆನ್ನು ಕೆಳಗಿಟ್ಟರು.
ಆ ವರ್ಷ ಅವನಾಡಿದ ಅತಿ ಉದ್ದದ ಮಾತು ಅದು.

*

ಮೂರೇ ಅಕ್ಷರವಂತೆ. ಎಲ್ಲರ ಮೈಯಲ್ಲೂ ಒಂದಷ್ಟು ಸಲ.
ಇವರ ಮನೆಯಲ್ಲಿ ನಿಲ್ಲಿಸುವುದು ಮರೆತಿದೆ,
ನಿದ್ದೆಗಣ್ಣಿನ ಕಂಡಕ್ಟರು ಒಂದೇ ಊರನ್ನು ಕೂಗಿ ಕೂಗಿ
ಇಳಿಯುವವರಿಲ್ಲದೆಯೂ ಕೂಗಿದಂತೆ.
ತಲೆಮಾರಿಗೊಮ್ಮೆ ಉದ್ದವಾಗುತ್ತದೆ.
ಅತ್ತೆಗೆ ನಲವತ್ತಕ್ಕೆ ಕಣ್ಣಿನ ಪೊರೆ ಬಂದಿತ್ತು, ಅಷ್ಟೇ.
ಇವನಿಗೆ ಕೈ, ರೆಪ್ಪೆ, ದಾರಿ.
ದೇಚುವಿಗೆ ಈಗ ಹನ್ನೊಂದು.

ಸಂಜೆ ಒಲೆಯ ಮುಂದೆ ಅವಳನ್ನು ಕೂರಿಸಿಕೊಂಡೆ.
ಕೈ ಕೊಡು. ಮುಷ್ಟಿ ಕಟ್ಟು, ಗಟ್ಟಿಯಾಗಿ. ಹ್ಞಾ.
ಈಗ ಬಿಡು.
ಒಂದು, ಎಣಿಸಿದೆ. ಎರಡು. ಮೂರು.
ಬೆರಳು ಬಿಚ್ಚಲಿಲ್ಲ.
ನಾಲ್ಕು.
ಅವ್ವ, ಎಂದಳು ಹುಡುಗಿ, ನೋಯ್ತಿದೆ ಅವ್ವ,
ಮೊದಲು ನೀನು ಬಿಡು.